ಕರಡಿಯ ಹೊಟ್ಟೆಯೊಳಗೆ ಫೋನ್ ಬಡಿದುಕೊಂಡ ದಿನ

“ಕೇಳಿಸ್ತೇನ್ರೀ? ಇನ್ನೊಂದು ಸಲ ಬಿದ್ದು ತೋರಿಸ್ಬೇಕಂತೆ! ನೀವು ಪ್ರಾಣ ಹೋಗೋ ಹಾಗೆ ಬಿದ್ದಿದ್ದು ಬಹಳ ಚೆನ್ನಾಗಿತ್ತಂತೆ! ಅದನ್ನ ಹೇಳೋಕೆ ಬೆಳಕು ಹರಿಯೋದೇ ತಡ ಬಾಗಿಲಿಗೆ ಬಂದು ನಿಂತಿದಾನೆ ಈ ಮಹಾರಾಯ!”

“ಆಂಟಿ, ನಾನು ಹಾಗೆ ಹೇಳ್ಲಿಲ್ಲ...”

“ಆಂಟಿ ಗೀಂಟಿ ಅನ್ಬೇಡ. ಮತ್ತೆ ಹೇಗೆ ಹೇಳ್ದೆ? ಇನ್ನೊಂದು ಸಲ ಹೇಳು. ಪೇಪರಿನವರು ಕೂತಿದಾರೆ, ಬರ್ಕೊಳ್ಳಲಿ.”

ಬಾಗಿಲಲ್ಲಿರುವ ಯುವಕ ಒಂದು ಶೂ ಬಿಚ್ಚಿದ್ದಾನೆ. ಇನ್ನೊಂದನ್ನು ಬಿಚ್ಚಲೋ ಬೇಡವೋ ಎಂದು ಒಂಟಿಕಾಲಲ್ಲಿ ನಿಂತಿದ್ದಾನೆ. ಟೀ ಶರ್ಟಿನ ಎದೆಯ ಮೇಲೆ ಹಳದಿ ಟೊಪ್ಪಿ ಹಾಕಿದ ಕರಡಿಯ ಚಿತ್ರ. ಕ್ರಿಕೆಟ್ ಲೀಗಿನಲ್ಲಿ ಆಡುವ ಈ ಊರಿನ ತಂಡಕ್ಕೆ ಪ್ರಚಾರ ಮಾಡುವುದು ಅವನ ಕೆಲಸ. ಹೆಂಡತಿ ಯಾರಿಗಾಗಿ ಜಗಳವಾಡುತ್ತಿದ್ದಾರೋ ಆ ಗಂಡ ಮಾತ್ರ ತಲೆ ಎತ್ತಿಲ್ಲ. ಕಿಟಕಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ. ತೊಡೆಯ ಮೇಲೆ ಆ ಕರಡಿಯ ತಲೆ ಇದೆ, ಕೈಯಲ್ಲಿ ಡೊಂಕು ಸೂಜಿ ಇದೆ. ದವಡೆಯ ಹತ್ತಿರ ಫೋಮ್ ಕತ್ತರಿಸಿ, ಅಂಚು ಮಡಚಿ, ಹೊಲಿಗೆ ಹಾಕುತ್ತಿದ್ದಾರೆ. ಬೆಳಗಿನ ಬೆಳಕು ಕರಡಿಯ ಗಾಜಿನ ಕಣ್ಣಿನ ಮೇಲೆ ಬಿದ್ದಿದೆ. ಇಡೀ ಮನೆಯಲ್ಲಿ ಸಮಾಧಾನದಿಂದಿರುವುದು ಅದೊಂದೇ.

ಲೀಗ್ ನೋಡುವವರಿಗೆ ಈ ಕರಡಿಯನ್ನು ಪರಿಚಯಿಸಬೇಕಿಲ್ಲ. ನಮ್ಮವರು ಸಿಕ್ಸರ್ ಹೊಡೆದರೆ ಅದು ಗಡಿಯ ಹಗ್ಗದ ಪಕ್ಕ ಕುಣಿಯುತ್ತದೆ, ನಮ್ಮವರ ವಿಕೆಟ್ ಹೋದರೆ ದೊಪ್ಪೆಂದು ಬಿದ್ದು ಸತ್ತಂತೆ ಮಲಗುತ್ತದೆ. ಮಕ್ಕಳ ಪುಸ್ತಕದ ಚೀಲದ ಮೇಲೆ, ನೀರಿನ ಬಾಟಲಿಯ ಮೇಲೆ ಅದರ ಮುಖವಿದೆ. ಕೋಟಿಗಟ್ಟಲೆ ಕೊಟ್ಟು ಕೊಂಡ ಆಟಗಾರರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಕರಡಿ ಬದಲಾಗುವುದಿಲ್ಲ. ಆದರೆ ಅದರೊಳಗೆ ಒಬ್ಬ ಮನುಷ್ಯನಿದ್ದಾನೆ ಎಂಬುದು ಯಾರ ತಲೆಗೂ ಹೋಗಿಲ್ಲ. ತಂಡದವರ ತಲೆಗೂ ಹೋಗಿಲ್ಲ ಎಂದು ತಿಳಿದದ್ದು ನನಗೆ ಈ ಜಗಳ ಕೇಳಿದ ಮೇಲೆಯೇ.

ಇವರ ಮೂಲ ಕಸುಬು ಕುಶನ್ ಕೆಲಸ. ಬಸ್ಸಿನ ಸೀಟು, ಸೋಫಾ, ಆಟೊದ ಹಿಂಬದಿ, ದಂತವೈದ್ಯರ ಕುರ್ಚಿ, ಎಲ್ಲಕ್ಕೂ ಹೊದಿಕೆ ಹೊಲಿದವರು. ಬೀದಿಯಲ್ಲಿ ಎಲ್ಲರಿಗೂ ಇವರು ‘ಕುಶನ್ ಮಾಮ’. ತಂಡ ಶುರುವಾದ ವರ್ಷ ಕರಡಿಯ ಕಂಕುಳ ಹರಿದಿತ್ತು. ಹೊಲಿಯಲು ಇವರನ್ನು ಕರೆಸಿದ್ದರು. ಒಳಗಿದ್ದ ಬಾಡಿಗೆ ಆಳು ಸೆಕೆ ತಾಳಲಾರದೆ ಅರ್ಧದಲ್ಲೇ ಓಡಿಹೋಗಿದ್ದ. ಹೊಲಿಗೆ ಎಳೆತ ತಡೆಯುತ್ತದೋ ಇಲ್ಲವೋ ನೋಡಲು ಇವರು ತಾವೇ ಅದನ್ನು ಹಾಕಿಕೊಂಡು ಕೈ ಬೀಸಿದರು. ಬೇಲಿಯಾಚೆಯಿಂದ ಮಕ್ಕಳು ಹೋ ಎಂದವು.

“ಅಲ್ಲಿಗೆ ಮುಗೀತು ನೋಡಿ” ಎನ್ನುತ್ತಾರೆ ಅವರು. “ಅಷ್ಟು ವರ್ಷ ಜನ ನನ್ನ ಕೆಲಸದ ಮೇಲೆ ಕೂತ್ಕೊಂಡ್ರೇ ಹೊರತು ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ.”

ಹೊರಗಿನಿಂದ ನೋಡುವವರಿಗೆ ಅದು ಮುದ್ದು ಗೊಂಬೆ. ಒಳಗೆ ಹೋಗಿ ನೋಡಿದರೆ ಹೆದರಿಕೆಯಾಗುತ್ತದೆ. ನಾನು ಹಾಕಿಕೊಂಡು ನೋಡಿದೆ, ಬೇಗ ಬೇಗ ತೆಗೆದೆ. ಕರಡಿಯ ಕಣ್ಣಿನಿಂದ ಏನೂ ಕಾಣುವುದಿಲ್ಲ. ಬಾಯಿಯಲ್ಲಿರುವ ಬಲೆಯಿಂದ ನೋಡಬೇಕು, ಅದರಿಂದಲೇ ಉಸಿರಾಡಬೇಕು. ಬಿಸಿಲಿನ ಪಂದ್ಯವಾದರೆ ಬೆವರು ಬೂಟಿನಲ್ಲಿ ತುಂಬಿ ಪಚಪಚ ಎನ್ನುತ್ತದಂತೆ. ಮೇಲಿಂದ ಎರಡು ಕಟ್ಟುನಿಟ್ಟಿನ ನಿಯಮ: ಮೈದಾನದಲ್ಲಿ ಕರಡಿ ಮಾತಾಡಬಾರದು, ಏನೇ ಆದರೂ ತಲೆ ತೆಗೆಯಬಾರದು. ಮಕ್ಕಳು ನೋಡಿದರೆ ಭ್ರಮೆ ಹರಿಯುತ್ತದೆ ಎಂದು ತಂಡದವರ ವಾದ.

ಮಾತಿಲ್ಲದ ಮೇಲೆ ಸನ್ನೆ ಬೇಕಲ್ಲ? ಮೊದಲ ವರ್ಷಗಳಲ್ಲಿ ಕರಡಿಯ ಪಕ್ಕದಲ್ಲಿ ಒಬ್ಬ ಸಹಾಯಕನಿರುತ್ತಿದ್ದ. ಅವನೂ ಇವರೂ ಸೇರಿ ಒಂದು ಗುರುತು ಮಾಡಿಕೊಂಡಿದ್ದರು. ಎರಡೂ ಕೈ ನೆತ್ತಿಯ ಮೇಲೆ ಎತ್ತಿ ಕತ್ತರಿ ಹಾಕಿದರೆ, ‘ನನ್ನ ಕೈಲಾಗುತ್ತಿಲ್ಲ, ಹೊರಗೆ ಕರೆದುಕೊಂಡು ಹೋಗು’ ಎಂದರ್ಥ. ಅಗತ್ಯವೇ ಬೀಳಲಿಲ್ಲ. ಈ ಸಲದ ಎರಡನೇ ಪಂದ್ಯದಲ್ಲಿ ಕೊನೆಯ ಚೆಂಡಿಗೆ ಗೆದ್ದಾಗ, ಕುಣಿಯುವ ಭರದಲ್ಲಿ, ಕೈಗೆ ಬೇರೇನೂ ಹೊಳೆಯದೆ ಇವರು ಅದನ್ನೇ ಮಾಡಿದರು. ಎದುರಿನ ಮಗುವೊಂದು ಅದನ್ನೇ ತಿರುಗಿ ಮಾಡಿತು. ಅದರ ಪಕ್ಕದ್ದೂ ಮಾಡಿತು. ಮುಂದಿನ ಪಂದ್ಯದ ಹೊತ್ತಿಗೆ ಇಡೀ ಗ್ಯಾಲರಿ ನೆತ್ತಿಯ ಮೇಲೆ ಕತ್ತರಿ ಹಾಕಿ ಕುಣಿಯುತ್ತಿತ್ತು. ಆಟಗಾರರೂ ಶುರು ಮಾಡಿದರು.

“ಬುದ್ಧಿ ಬೇಡ್ವಾ ನಂಗೆ?” ಎಂದು ಸೂಜಿಯ ತುದಿಯನ್ನು ತಲೆಗೂದಲಲ್ಲಿ ಉಜ್ಜುತ್ತಾರೆ. “ಕಾಪಾಡಿ ಅನ್ನೋದನ್ನ ಕುಣಿತ ಮಾಡ್ಕೊಂಡು ಕೂತೆ. ಬೇರೆ ಗುರುತು ಮಾಡ್ಕೋಬೇಕಿತ್ತು. ಯಾರ ಹತ್ರ ಮಾಡ್ಕೊಳ್ಳೋದು? ಸಹಾಯಕನ್ನ ಆಗಲೇ ಗ್ಯಾಲರಿಗೆ ಟೀ ಶರ್ಟ್ ಎಸೆಯೋ ಕೆಲಸಕ್ಕೆ ಹಾಕಿದ್ರು. ಕರಡಿಗೆ ಅನುಭವ ಆಗಿದೆ, ಒಬ್ಬನೇ ಸಾಕು ಅಂದ್ರು.”

ಕಳೆದ ಭಾನುವಾರ ಮಧ್ಯಾಹ್ನದ ಪಂದ್ಯ. ಗಾಳಿ ಇಲ್ಲ, ಹುಲ್ಲಿನಿಂದ ಕಾವು ಏಳುತ್ತಿತ್ತು. ಇವರಿಗೆ ಮೊದಲು ಬೆವರು ನಿಂತಿತು, ಆಮೇಲೆ ಬಲೆಯಾಚೆಯ ಮೈದಾನ ಬೆಳ್ಳಗಾಯಿತು. ಎರಡೂ ಕೈ ಎತ್ತಿ ನೆತ್ತಿಯ ಮೇಲೆ ಕತ್ತರಿ ಹಾಕಿದರು.

ಮೂವತ್ತು ಸಾವಿರ ಜನ ಎದ್ದು ನಿಂತು ಕತ್ತರಿ ಹಾಕಿದರು.

ಇದನ್ನು ಕೇಳಿ ನಾನು ಬರೆಯುವುದನ್ನು ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ. “ಮತ್ತೆ ಮಾಡ್ದೆ. ಅವರೂ ಮತ್ತೆ ಮಾಡಿದ್ರು. ಡೋಲು ಬೇರೆ ಶುರುವಾಯ್ತು. ಅಷ್ಟು ಜನ ನನ್ನ ಕಡೆನೇ ನೋಡ್ತಿದಾರೆ ಸಾರ್, ಒಬ್ಬರಿಗೂ ನಾನು ಕಾಣ್ತಿಲ್ಲ.”

ಅದೇ ಹೊತ್ತಿಗೆ ನಮ್ಮ ನಾಯಕ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಇವರು ಬಿದ್ದರು. ವಿಕೆಟ್ ಹೋದರೆ ಕರಡಿ ಬೀಳುವುದು ವಾಡಿಕೆ, ಹಾಗಾಗಿ ಕ್ರೀಡಾಂಗಣ ಬಿದ್ದು ಬಿದ್ದು ನಕ್ಕಿತು. ದೊಡ್ಡ ಪರದೆಯ ಮೇಲೆ ತೋರಿಸಿದರು. ಕರಡಿಯ ಎಡಗಾಲು ಅದುರುತ್ತಿತ್ತು. ಅದಕ್ಕೆ ಇನ್ನೂ ಜೋರು ನಗು.

ಈ ರೂಮಿನಲ್ಲಿ, ಇದೇ ಟಿವಿಯ ಮುಂದೆ, ಅವರ ಹೆಂಡತಿ ಅಕ್ಕಪಕ್ಕದ ಹೆಂಗಸರ ಜೊತೆ ಕುಳಿತಿದ್ದರು. “ನಾನೂ ನಕ್ಕೆ” ಎನ್ನುತ್ತಾರೆ. ಬೆಳಗಿನಿಂದ ಏರಿದ್ದ ದನಿ ಇಲ್ಲಿ ಮಾತ್ರ ಇಳಿಯುತ್ತದೆ. “ಆಮೇಲೆ ನೋಡ್ದೆ, ಇವರು ತಲೆ ಹಿಡ್ಕೊಂಡಿಲ್ಲ. ಬೀಳುವಾಗ ಎರಡೂ ಕೈಯಲ್ಲಿ ತಲೆ ಹಿಡ್ಕೊಂಡೇ ಬೀಳೋದು ಇವರು, ಅದು ಕಳಚಿದ್ರೆ ಮಕ್ಕಳು ಹೆದರ್ತವೆ ಅಂತ. ಅವತ್ತು ಕೈ ಬಿಟ್ಟು ಮೂತಿ ಅಡಿಯಾಗಿ ಬಿದ್ರು. ನಾ ಕೂಗ್ದೆ. ಟಿವಿಗೆ ಕೂಗಿ ಏನು ಬಂತು? ಫೋನ್ ಒತ್ತಿದೆ.”

ಮೈದಾನಕ್ಕೆ ಫೋನ್ ಒಯ್ಯುವಂತಿಲ್ಲ. ಅದು ದಿನವೂ ಕತ್ತರಿ, ಸೂಜಿಗಳ ಚೀಲದಲ್ಲಿರುತ್ತದೆ. ಆ ದಿನ ಚಡ್ಡಿಯ ಜೇಬಿನಲ್ಲಿ ಮರೆತುಹೋಗಿತ್ತು.

ಔಟ್ ಕೊಟ್ಟದ್ದನ್ನು ನಾಯಕ ಒಪ್ಪಿರಲಿಲ್ಲ, ತೀರ್ಪು ಮೂರನೇ ಅಂಪೈರಿಗೆ ಹೋಗಿತ್ತು. ಪರದೆಯಲ್ಲಿ ಕರಡಿ ಹೋಗಿ ಬ್ಯಾಟು, ಚೆಂಡು ಬಂದವು. ಜನ ಉಸಿರು ಬಿಗಿಹಿಡಿದರು. ಆ ಮೌನದಲ್ಲಿ ಕರಡಿಯ ಹೊಟ್ಟೆಯೊಳಗಿಂದ ಫೋನ್ ಬಡಿದುಕೊಳ್ಳತೊಡಗಿತು.

ಅದು ಕೇಳಿಸಿದ್ದು ಒಬ್ಬರಿಗೆ, ಅಲ್ಲಿ ನಿಂತಿದ್ದ ಕಾವಲುಗಾರರಿಗೆ. ಅವರ ಕೆಲಸ ಜನರನ್ನು ನೋಡುವುದು. ಮೈದಾನಕ್ಕೆ ಬೆನ್ನು ಹಾಕಿ ನಿಲ್ಲಬೇಕು, ತಿರುಗುವಂತಿಲ್ಲ. ಎಷ್ಟೋ ಪಂದ್ಯಗಳಿಗೆ ಕಾವಲು ನಿಂತು ಒಂದು ಚೆಂಡನ್ನೂ ನೋಡಿಲ್ಲ ಎಂದು ನಗುವ ಮನುಷ್ಯ. “ಹೊಸ ತಮಾಷೆ ಇರ್ಬೇಕು ಅಂದ್ಕೊಂಡೆ. ನಿಂತಿತು, ಮತ್ತೆ ಬಡ್ಕೊಳ್ತು. ಮೂರನೇ ಸಲಕ್ಕೆ ತಿರುಗಿಬಿಟ್ಟೆ. ಹೋಗಿ ತಲೆ ಕಿತ್ತೆ. ಮುಖ ಬದನೆಕಾಯಿ ಬಣ್ಣ. ಹಿಂದಿಂದ ಒಂದು ಮಗು ಚೀರಿತು, ಕರಡಿ ತಲೆ ಹೋಯ್ತು ಅಂತ.”

ನಾಲ್ವರು ಸೇರಿ ಹೊತ್ತು ಹೊರಗೆ ಓಡುವಾಗ ಕ್ರೀಡಾಂಗಣ ಹುಚ್ಚೆದ್ದು ಕುಣಿಯುತ್ತಿತ್ತು. ನಾಯಕ ಔಟಲ್ಲ ಎಂದು ತೀರ್ಪು ಬಂದಿತ್ತು.

ಆಸ್ಪತ್ರೆಯಲ್ಲಿ ಮೈಗೆಲ್ಲ ಐಸು ಇಟ್ಟರು. ಈ ಬೇಸಿಗೆಯಲ್ಲಿ ಇನ್ನೊಮ್ಮೆ ಅದರೊಳಗೆ ಹೋದರೆ ಎದ್ದು ಬರುವ ಭರವಸೆ ಇಲ್ಲ ಎಂದು ವೈದ್ಯರು ಎಚ್ಚರಿಸಿದ್ದಾರೆ. ಇತ್ತ ತಂಡದವರು ಆ ಬಿದ್ದ ವಿಡಿಯೊಗೆ ಹಾಡು ಸೇರಿಸಿ ಜಾಲತಾಣಕ್ಕೆ ಹಾಕಿದ್ದಾರೆ. ನೋಡಿದವರಿಗೆ ಲೆಕ್ಕವಿಲ್ಲ. ಇವತ್ತು ಸಂಜೆ ಈ ಊರಿನಲ್ಲಿ ಕೊನೆಯ ಪಂದ್ಯ. ಅದಕ್ಕೇ ಪ್ರಚಾರದವನು ಬಂದಿರುವುದು.

“ಅಂಕಲ್ ಕುಣಿಯೋದೇ ಬೇಡ ಆಂಟಿ. ಒಂದು ವಿಕೆಟ್‌ಗೆ ಬಿದ್ರೆ ಸಾಕು. ಆ ಕಾಲು ಅದುರಿಸಿದ್ರಲ್ಲ, ಅದು ಮಾತ್ರ ಸಖತ್ತಾಗಿತ್ತು, ಅದು ಬೇಕೇ ಬೇಕು.”

“ಅವರು ಅದುರಿಸ್ಲಿಲ್ಲ ಕಣಪ್ಪಾ, ಅದು ತಾನಾಗಿ ಅದುರಿತು! ಆ ಕೈ ಎತ್ತಿದ್ದು ಕುಣಿಯೋಕಲ್ಲ, ಕಾಪಾಡಿ ಅಂತ! ನಿನ್ನ ಕಡೆಯವನ ಜೊತೆನೇ ಮಾಡ್ಕೊಂಡ ಗುರುತು ಅದು!”

ಯುವಕ ಎತ್ತಿದ ಕಾಲನ್ನು ನೆಲಕ್ಕಿಟ್ಟ. ನಿಜವಾಗಿ ಗಾಬರಿಯಾಗಿತ್ತು ಅವನಿಗೆ. ಸ್ವಲ್ಪ ಸುಸ್ತಾಗಿತ್ತು ಎಂದಷ್ಟೇ ಅವನಿಗೆ ಹೇಳಿದ್ದರಂತೆ. ಇನ್ನು ಕ್ಷಮೆ ಕೇಳಿ ಹೊರಡುತ್ತಾನೆ ಎಂದುಕೊಂಡೆ. ಅವನು ಹಣೆ ಒರೆಸಿಕೊಂಡು, ಮೆಲ್ಲಗೆ, ವಿನಯದಿಂದಲೇ ಹೇಳಿದ:

“ಆದ್ರೆ ಅದು ಜನಕ್ಕೆ ಗೊತ್ತಿಲ್ವಲ್ಲ ಆಂಟಿ.”

ನನಗೆ ಸಿಟ್ಟು ಬೇಗ ಬರುತ್ತದೆ. ಈಗ ಅದೂ ಬರಲಿಲ್ಲ. ಮಾತಾಡಿದ್ದು ಕುಶನ್ ಮಾಮ: “ನಡಿಯಪ್ಪಾ, ಸಂಜೆ ಬರ್ತೀನಿ. ತಲೆ ರಿಪೇರಿ ಮುಗಿಸಿ ತರ್ತೀನಿ.”

“ತಲೆ ಕೊಟ್ಟು ಬರೋಕಾ, ಹಾಕ್ಕೊಳ್ಳೋಕಾ?” ಹೆಂಡತಿ ಎದುರಿಗೆ ಬಂದು ನಿಂತರು. “ಬಾಯಿ ಬಿಟ್ಟು ಹೇಳಿ. ವೈದ್ಯರು ಹೇಳಿದ್ದು ನಿಮ್ಮ ಕಿವಿಗೂ ಬಿದ್ದಿದೆ.”

“ಮಕ್ಕಳಿಗೆ ಕೈ ಬೀಸಿ ಬರ್ತೀನಿ ಅಷ್ಟೇ. ಆ ತಲೆ ಕಿತ್ತಿದ್ದನ್ನ ನೋಡಿದ ಮಗು ಇದೆಯಲ್ಲ ಇವಳೇ, ಅದಕ್ಕೆ ಕರಡಿ ಬದುಕಿದೆ ಅಂತ ಗೊತ್ತಾಗೋದು ಬೇಡ್ವಾ?”

“ನೀವು ಬದುಕಿರೋದು ಬೇಡ್ವಾ?”

ಕುಶನ್ ಮಾಮ ದಾರ ಕಚ್ಚಿ ತುಂಡು ಮಾಡಿದರು.

ಮಧ್ಯಾಹ್ನ ಮೂವರೂ ಹೊರಟೆವು. ಬಸ್ಸಿನಲ್ಲಿ ಕರಡಿಯ ತಲೆಗೆ ಒಂದು ಸೀಟು ಬೇಕಾಯಿತು. ಹೆಂಡತಿ ಅದನ್ನು ಮಡಿಲಲ್ಲಿಟ್ಟುಕೊಳ್ಳಲು ಒಪ್ಪಲಿಲ್ಲ. ಕ್ರೀಡಾಂಗಣದ ಗೇಟಿನಿಂದಾಚೆಗೆ ಅವರನ್ನು ಬಿಡಲಿಲ್ಲ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. “ಕತ್ತಲಾಗೋವರೆಗೆ ಇಲ್ಲೇ ಇರ್ತೀನಿ” ಎಂದು ಗಂಡನ ಮುಖ ನೋಡದೆ ಹೇಳಿದರು.

ಕರಡಿಯ ರೂಮು ಗ್ಯಾಲರಿಯ ಮೆಟ್ಟಿಲ ಕೆಳಗಿದೆ. ಕಿಟಕಿ ಇಲ್ಲ, ಗೋಡೆಯಾಚೆ ಜನರೇಟರ್ ಗುಡುಗುಡು ಎನ್ನುತ್ತದೆ. ಮೊಳೆಗೆ ಕರಡಿಯ ಮೈ ನೇತುಹಾಕಿದೆ. ಪ್ರಚಾರದವನು ಕಾಯುತ್ತಿದ್ದ, ಪಾಪ, ಐಸು ತುಂಬುವ ಒಂದು ಒಳ ಅಂಗಿಯನ್ನೂ ತರಿಸಿದ್ದ. ಕುಶನ್ ಮಾಮ ಅವನಿಗೆ ತಲೆ ತೋರಿಸಿದರು. ಬಾಯಿಯನ್ನು ಅಗಲ ಮಾಡಿದ್ದಾರೆ, ಎರಡೂ ಕಿವಿಯ ಹಿಂದೆ ರೋಮದಲ್ಲಿ ಮರೆಯಾಗುವಂತೆ ಗಾಳಿಗೆ ಕಿಂಡಿ ಬಿಟ್ಟಿದ್ದಾರೆ. ನನ್ನ ಕಡೆ ತಿರುಗಿ, “ಹೊಲಿಗೆ ಎಲ್ಲಿದೆ ಅಂತ ಹುಡುಕಿ ನೋಡೋಣ, ಸಿಗಲ್ಲ ನಿಮಗೆ” ಎಂದರು. ಸಿಗಲಿಲ್ಲ.

ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ನಾನು ಬೇಡ ಎಂದೆ, ಅವರಿಗೆ ಕೇಳಿಸಲಿಲ್ಲ. ಹೊರಗೆ ಬೇಲಿಯ ಹತ್ತಿರ ಮಕ್ಕಳು ‘ಕರಡೀ, ಕರಡೀ’ ಎಂದು ಕೂಗುತ್ತಿದ್ದವು, ಅದು ಕೇಳಿಸುತ್ತಿತ್ತು. ಮೈ ಏರಿಸಿಕೊಂಡು ಕುಳಿತು, ತಲೆಯನ್ನು ಕೈಯಲ್ಲಿ ಹಿಡಿದು ಕೇಳಿದರು: “ನಾನು ನಿಜವಾಗಿ ಬಿದ್ರೆ ನಿಂಗೆ ಹೇಗಪ್ಪಾ ಗೊತ್ತಾಗುತ್ತೆ?”

“ನಾನೇ ಪಕ್ಕದಲ್ಲಿರ್ತೀನಿ ಅಂಕಲ್. ನಿಮ್ಮ ಮೇಲಿಂದ ಕಣ್ಣು ತೆಗೆಯಲ್ಲ. ಆಣೆ ಮಾಡ್ಲಾ?”

“ಆಣೆ ಬೇಡ.”

ತಲೆ ಹಾಕಿಕೊಂಡರು. ಎದ್ದು ನಿಂತರು. ಎರಡೂ ಕೈಗಳನ್ನು ನಿಧಾನವಾಗಿ ಎತ್ತಿ ನೆತ್ತಿಯ ಮೇಲೆ ಕತ್ತರಿ ಹಾಕಿದರು.

ಪ್ರಚಾರದವನ ಮುಖ ಅರಳಿತು. “ಸೂಪರ್ ಅಂಕಲ್!” ಎಂದು ಜೇಬಿನಿಂದ ಫೋನ್ ತೆಗೆದು ಮೇಜಿಗೆ ಒರಗಿಸಿ ವಿಡಿಯೊಗೆ ಇಟ್ಟು, ಎದುರಿಗೆ ನಿಂತು, ತಾನೂ ಎರಡೂ ಕೈ ಎತ್ತಿ ನೆತ್ತಿಯ ಮೇಲೆ ಕತ್ತರಿ ಹಾಕಿದ.

ಕರಡಿಯ ಕೈಗಳು ಇಳಿದವು. ತಲೆ ಕಳಚಿ ಬಂತು, ಮೈ ಕಳಚಿ ಬಂತು. ಅವರು ತಲೆಯನ್ನು ಮೇಜಿನ ಮೇಲಿಟ್ಟು, ಹಳದಿ ಟೊಪ್ಪಿಯನ್ನು ನೆಟ್ಟಗೆ ಮಾಡಿ, ಅಂಗಿ ತೊಟ್ಟು, ಡೊಂಕು ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡರು. “ಮುಂದೆ ಯಾರು ಬರ್ತಾರೋ ಅವರಿಗೆ ಹೇಳು” ಎಂದರು. “ಗಾಳಿ ಕಿವಿ ಹಿಂದಿಂದ ಬರುತ್ತೆ.” ಬಾಗಿಲು ತೆರೆದು ಹೊರಗೆ ನಡೆದರು.

“ನೀರು ಕುಡಿಯೋಕೆ ಹೋದ್ರು ಅನ್ಸುತ್ತೆ, ಬರ್ತಾರೆ” ಎಂದು ಪ್ರಚಾರದವನು ವಿಡಿಯೊ ನೋಡತೊಡಗಿದ.

ನಾನು ಮೆಟ್ಟಿಲು ಹತ್ತಿ ಮೇಲಿಂದ ನೋಡಿದೆ. ಚಹಾದಂಗಡಿಯ ಬೆಂಚು ಖಾಲಿಯಾಗಿತ್ತು. ಟಾಸ್ ಆಯಿತು, ಆಟ ಶುರುವಾಯಿತು, ನಮ್ಮವರ ಮೊದಲ ವಿಕೆಟ್ ಬಿತ್ತು. ಮೂವತ್ತು ಸಾವಿರ ಜನ ಹಗ್ಗದ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.