ಅಪ್ಪನಿಗೆ ಸೂತಕವಿಲ್ಲದ ಮನೆ

ಅಪ್ಪ ತೀರಿಕೊಂಡ ವಾರವೇ ನಾನು ಕಾಲೇಜಿಗೆ ಹೋದೆ. ಅರವತ್ತರ ದಶಕ, ಮೂಡಬಿದಿರೆಯಲ್ಲಿ ಕಾಲೇಜು ಎಂಬುದು ಇನ್ನೂ ಹೊಸತು. ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು. ಅಪ್ಪನ ಮನೆ ದೂರದ ಕಕ್ಕಿಂಜೆಯಲ್ಲಿ. ಶನಿವಾರ ಸಂಜೆ ಬಸ್ಸಿಳಿದು ಬರುತ್ತಿದ್ದರು, ಸೋಮವಾರ ಹೋಗುತ್ತಿದ್ದರು. ಇವತ್ತಿಗೂ ಶನಿವಾರ ಸಂಜೆ ಬಸ್ಸು ನಿಂತ ಸದ್ದಾದರೆ ನನ್ನ ಕತ್ತು ತಿರುಗುತ್ತದೆ.

ಅವರು ತೀರಿಕೊಂಡಾಗ ಸೂತಕ ಅವರ ಅಕ್ಕತಂಗಿಯರ ಮನೆಗೆ, ನಮಗಿಲ್ಲ. ಯಜಮಾನರಾದ ಸೋದರಮಾವ ಕಟುವಾಗಿ ಏನೂ ಹೇಳಲಿಲ್ಲ. ಆದರೆ ಮರುದಿನವೇ ಎಂದಿನಂತೆ ದೇವರ ದೀಪ ಹಚ್ಚಿಸಿದರು, ಅಮ್ಮ ಗದ್ದೆಗಿಳಿದಳು. ಅಷ್ಟು ದೊಡ್ಡ ಮನೆಯಲ್ಲಿ ಅಳಲು ಒಂದು ಮೂಲೆ ಇರಲಿಲ್ಲ.

ಕನ್ನಡ ಪಾಠಕ್ಕೆ ಬರುತ್ತಿದ್ದವರು ಮೈಸೂರು ಕಡೆಯ ತರುಣ ಅಧ್ಯಾಪಕರು. ಅಂದಿನ ಪದ್ಯದಲ್ಲಿ ಮಗಳೊಬ್ಬಳು ತೀರಿಹೋದ ಅಪ್ಪನನ್ನು ಊಟಕ್ಕೆ ಕರೆಯುತ್ತಾಳೆ. ತರಗತಿಗೆ ನನ್ನ ಸುದ್ದಿ ಗೊತ್ತಿತ್ತು. ಜೈನರ ಹುಡುಗರು, ಬ್ಯಾರಿ ಹುಡುಗ, ನನ್ನ ಪಕ್ಕದ ಕೊಂಕಣಿ ಕ್ರಿಶ್ಚಿಯನ್ ಹುಡುಗಿ, ಎಲ್ಲರೂ ಪುಸ್ತಕದಲ್ಲಿ ಮುಖ ಹುದುಗಿಸಿದರು. ಅಧ್ಯಾಪಕರು ನನ್ನನ್ನು ನೋಡಿ, ಇದನ್ನು ಬಿಟ್ಟು ಮುಂದಿನದಕ್ಕೆ ಹೋಗೋಣ ಎಂದರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ನನಗೆ ಮಾತ್ರ ಆ ಕರುಣೆಯ ಮೇಲೆ ಕೆಟ್ಟ ಸಿಟ್ಟು ಬಂತು.

ಗಂಟೆ ಹೊಡೆದ ಮೇಲೆ ಅವರ ಮೇಜಿನ ಹತ್ತಿರ ಹೋದೆ.

“ಆ ಪದ್ಯ ಬಿಡಬೇಡಿ ಸರ್. ನಮ್ಮ ಮನೆಯಲ್ಲಿ ಅಪ್ಪನ ಸೂತಕ ಇಲ್ಲ. ನನಗೆ ಅಳ್ಲಿಕ್ಕೆ ಬೇರೆ ಜಾಗ ಎಲ್ಲಿ ಉಂಟು?”

ನಮ್ಮ ಕಟ್ಟುಕಟ್ಟಳೆ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮರುದಿನ ಪದ್ಯ ಓದಿದರು. ವಿವರಣೆ ಕೊಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನು ಡೆಸ್ಕಿಗೆ ತಲೆಯಾನಿಸಿ ಬಿಕ್ಕಿಬಿಕ್ಕಿ ಅತ್ತೆ. ಯಾರೂ ಸಮಾಧಾನ ಹೇಳಲಿಲ್ಲ. ಪಕ್ಕದ ಹುಡುಗಿ ಕೈ ಹಿಡಿದುಕೊಂಡಳು, ಅಷ್ಟೆ. ಅಪ್ಪ ಇನ್ನು ಬರುವುದಿಲ್ಲವೆಂದು ನನಗೆ ನಿಜವಾಗಿ ಗೊತ್ತಾದದ್ದು ಅಂದು.

ಸಂಜೆ ಅಮ್ಮ ಭತ್ತ ಕುಟ್ಟುತ್ತಿದ್ದಳು. ಕಣ್ಣೇಕೆ ಕೆಂಪಾಗಿದೆ ಎಂದು ಕೇಳಿದಳು. ಕಾಲೇಜಿನಲ್ಲಿ ಓದಿದ ಪದ್ಯದ ವಿಷಯ ಹೇಳಿದೆ. ಅವಳು ಶಾಲೆಗೆ ಹೋದವಳಲ್ಲ, ಪುಸ್ತಕದ ಕನ್ನಡ ಅವಳಿಗೆ ತಿಳಿಯದು. ಮಾವ ಚಾವಡಿಯಲ್ಲಿ ಇಲ್ಲವೆಂದು ನೋಡಿಕೊಂಡು ಒನಕೆಯನ್ನು ಗೋಡೆಗೆ ಒರಗಿಸಿ ಕುಳಿತಳು.

“ಅದನ್ನು ನನಗೆ ತುಳುವಿನಲ್ಲಿ ಹೇಳು,” ಎಂದಳು. “ನನಗೂ ಅಳ್ಲಿಕ್ಕುಂಟು.”