ಅಂಗೈಯಗಲದ ಸೀರೆ ಅಂಗಡಿ

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದನ್ನು ಕುಸುಮಾವತಿ ಎರಡು ಸ್ಟಾಪ್ ದಾಟುವುದರೊಳಗೆ ಹೇಳಬಲ್ಲಳು. ಹೇಳಿ ಸುಮ್ಮನಿರುವ ಪೈಕಿಯೂ ಅಲ್ಲ. ಚೀಲದಿಂದ ಒಂದು ಸೆರಗು ಎಳೆದು ತೋರಿಸಿಯೇ ಬಿಡುವಳು. ಕಾಸರಗೋಡಿನಿಂದ ಮದುವೆಯಾಗಿ ತಿರುವನಂತಪುರದ ಪಟ್ಟಂ ಬಡಾವಣೆಗೆ ಬಂದ ಮೇಲೂ ಆಕೆ ಊರಿನ ಕೈಮಗ್ಗದ ಸೀರೆಯ ನಂಟು ಬಿಟ್ಟಿರಲಿಲ್ಲ. ಮಗ ಓದು ಮುಗಿಸಿ ಕೈಗೆ ಬಂದದ್ದೇ ತಡ, ಫೋರ್ಟ್ ಕೊಚ್ಚಿಯ ಗಲ್ಲಿಯೊಂದರಲ್ಲಿ ಪುಟ್ಟ ಅಂಗಡಿ ಹಿಡಿದು, ಅಲ್ಲೇ ಇರುವ ತಂಗಿ ರಾಜೀವಿಯನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದಳು.

ಚಳಿಗಾಲದಲ್ಲಿ ಪ್ರವಾಸಿಗರು ಅಂಗಡಿಗೆ ಮುಗಿಬೀಳುವರು. ಮಳೆ ಹಿಡಿಯಿತೆಂದರೆ ರಾಜೀವಿಗೆ ನೊಣ ಹೊಡೆಯುವ ಕೆಲಸ. 2008ರ ಮಳೆಗಾಲದಲ್ಲಿ ಕಟ್ಟಡದ ಯಜಮಾನ ಇಸ್ಮಾಯಿಲ್ ಬಂದು, ಯಾರೋ ಕಾಫಿ ಅಂಗಡಿಯವರು ಜಾಗ ಕೇಳುತ್ತಿದ್ದಾರೆ, ಓಣಂವರೆಗೆ ಕಾಯುತ್ತೇನೆ, ಆಮೇಲೆ ನಿಮ್ಮ ಇಷ್ಟ ತಿಳಿಸಿ ಎಂದು ಮರ್ಯಾದೆಯಿಂದಲೇ ಹೇಳಿಹೋದ. ಓಣಂಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ಕೈಬಿಟ್ಟಂತೆಯೇ.

"ಕುದುರದೆ ಎಲ್ಲಿಗೆ ಹೋಗ್ತದೆ?" ಎಂದಳು ಫೋನಿನಲ್ಲಿ ಸುದ್ದಿ ಕೇಳಿದ ಕುಸುಮಾವತಿ.

ಆಕೆಯ ಧೈರ್ಯಕ್ಕೆ ಕಾರಣ ಗಂಡ ಕೃಷ್ಣಾನಂದರು ಮಾಡಿಕೊಟ್ಟ ವೆಬ್‌ಸೈಟು. ಐವತ್ತೈದಕ್ಕೇ ನಿವೃತ್ತಿ ಕೊಟ್ಟು ಕಳಿಸುವ ಸರ್ಕಾರಿ ಕಚೇರಿಯಿಂದ ಮನೆಗೆ ಬಂದ ಅವರು ಕೈಕಟ್ಟಿ ಕೂರಲಾರದೆ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಇಪ್ಪತ್ತರ ಹುಡುಗರ ನಡುವೆ ಕೂತು ಕಲಿತಿದ್ದರು. ಅಂಗಡಿಯ ಹೆಸರು ಒತ್ತಿದರೆ ಮೊದಲಿಗೆ ಪರದೆ ತುಂಬ ಹಿತ್ತಾಳೆಯ ಕಾಲುದೀಪ ಮೂಡುತ್ತಿತ್ತು. ಐದು ಬತ್ತಿ. ಒಂದೊಂದನ್ನೂ ಮೌಸಿನಿಂದ ಒತ್ತಿ ಹಚ್ಚಬೇಕು. ಐದೂ ಹತ್ತಿಕೊಂಡ ಮೇಲೆ ನಾದಸ್ವರ ಮೊಳಗಿ, ಬಾಗಿಲು ತೆರೆದು, ಸೀರೆಗಳು ಕಾಣುವುವು. ಮನೆಗೆ ಬಂದವರೆಲ್ಲ ಕಾಫಿಗೆ ಮೊದಲು ಆ ದೀಪ ಹಚ್ಚಲೇಬೇಕಿತ್ತು.

ಆದರೆ ಆಷಾಢ ಕಳೆದರೂ ಒಂದು ಆರ್ಡರೂ ಬರಲಿಲ್ಲ.

ಒಂದು ದಿನ ಸಂಜೆ ಬಸ್ಸಿನಲ್ಲಿ ಬ್ಯಾಂಕಿನ ಅಪೂರ್ವಾ ಸಿಕ್ಕಿದಳು. ಮೈಸೂರಿನ ಹುಡುಗಿ, ಕುಸುಮಾವತಿಯ ಹಳೆಯ ಗಿರಾಕಿ. ಕೈಯಲ್ಲಿ ಮೊಬೈಲು, ಮುಖದಲ್ಲಿ ಸಿಡಿಮಿಡಿ.

"ಆಂಟಿ, ನಿಮ್ಮ ಸೈಟ್ ಓಪನ್ನೇ ಆಗ್ತಿಲ್ವಲ್ಲ! ಓಣಂ ಪ್ರೋಗ್ರಾಮಿಗೆ ನಮ್ಮ ಬ್ರಾಂಚಿನೋರೆಲ್ಲ ಒಂದೇ ಥರ ಸೀರೆ ಉಡೋಣ ಅಂತಿದ್ದೀವಿ. ನಿಮ್ಮದು ತೋರಿಸೋಣ ಅಂದ್ರೆ ಸ್ಕ್ರೀನೆಲ್ಲ ಬರೀ ಬಿಳಿ."

"ಕಂಪ್ಯೂಟರಿನಲ್ಲಿ ಚಂದ ಬರ್ತದೆ, ನೋಡು."

"ಬ್ಯಾಂಕ್ ಕಂಪ್ಯೂಟರಲ್ಲಿ ಸೀರೆ ನೋಡಿದ್ರೆ ಮ್ಯಾನೇಜರ್ ಸುಮ್ನೆ ಬಿಡ್ತಾರಾ? ಮನೆಗೆ ಹೋದ್ರೆ ಅಡುಗೆ, ಮಗು. ನಮ್ಮದು ಅಂತ ಸಿಗೋದು ಈ ಬಸ್ಸಿನ ಹೊತ್ತೇ ಆಂಟಿ."

ಕುಸುಮಾವತಿ ಸುತ್ತ ಕಣ್ಣಾಡಿಸಿದಳು. ಕಚೇರಿ ಬಿಟ್ಟು ಮನೆಗೆ ಹೊರಟ ಹೆಂಗಸರು. ಮಡಿಲಲ್ಲಿ ಊಟದ ಡಬ್ಬಿಯ ಚೀಲ, ಎಷ್ಟೋ ಜನರ ಕೈಯಲ್ಲಿ ಮೊಬೈಲು. ತನ್ನ ಗಿರಾಕಿಗಳೆಲ್ಲ ಇಲ್ಲೇ ಇದ್ದಾರೆ, ತನ್ನ ಅಂಗಡಿ ಮಾತ್ರ ಇಲ್ಲಿಲ್ಲ ಎಂದು ಆಕೆಗೆ ಆ ಕ್ಷಣವೇ ಹೊಳೆಯಿತು.

ಮನೆಗೆ ಬಂದವಳೇ ತನ್ನ ಮೊಬೈಲನ್ನು ಗಂಡನ ಕೈಗಿಟ್ಟಳು.

"ಇದರಲ್ಲಿ ಒಂದು ಬತ್ತಿ ಹಚ್ಚಿ, ನೋಡುವಾ."

ಕೃಷ್ಣಾನಂದರು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. "ಇದಕ್ಕೆ ಮೌಸ್ ಎಲ್ಲುಂಟು ಮಾರಾಯ್ತಿ? ಕಂಪ್ಯೂಟರ್ ಇರುವವರು ನೋಡಲಿ."

"ಕಂಪ್ಯೂಟರ್ ಇರುವವರು ಸೀರೆ ಉಡುದಿಲ್ಲ. ಉಡುವವರು ಬಸ್ಸಿನಲ್ಲಿದ್ದಾರೆ. ಆ ದೀಪ ತೆಗೀರಿ."

"ದೀಪ ಹಚ್ಚದೆ ಅಂಗಡಿ ತೆರೆಯುದಾ?" ಅವರ ದನಿ ಇಳಿದುಹೋಯಿತು.

ಆ ದೀಪದ ಕತೆ ಕುಸುಮಾವತಿಗೆ ಗೊತ್ತಿತ್ತು. ಕಚೇರಿಯಲ್ಲಿ ಯಾವ ಸಮಾರಂಭವಾದರೂ ದೀಪ ತೊಳೆದು, ಬತ್ತಿ ಹೊಸೆದು, ಎಣ್ಣೆ ಹೊಯ್ಯುವುದು ಕೃಷ್ಣಾನಂದರ ಪಾಲಿನ ಕೆಲಸ. ಮಂತ್ರಿ, ನಿರ್ದೇಶಕ, ಸಂಘದ ಅಧ್ಯಕ್ಷ, ಹೀಗೆ ಗಣ್ಯರು ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಹಚ್ಚುವಾಗ ಇವರು ಎಣ್ಣೆಯ ಗಿಂಡಿ ಹಿಡಿದು ಪಕ್ಕಕ್ಕೆ ನಿಲ್ಲುತ್ತಿದ್ದರು. ನಿವೃತ್ತಿಯ ದಿನವೂ ನೀವೊಂದು ಬತ್ತಿ ಹಚ್ಚಿ ಎಂದು ಯಾರಿಗೂ ತೋಚಲಿಲ್ಲ. ಎಲ್ಲ ಗೊತ್ತಿದ್ದೂ ಆಕೆ ಪಟ್ಟು ಸಡಿಲಿಸಲಿಲ್ಲ.

"ದೀಪಕ್ಕೆ ನಾನು ಜವಾಬ್ದಾರಿ. ನೀವು ಮೊದಲು ಬಾಗಿಲು ತೆಗೀರಿ."

ಮರುದಿನ ಬೆಳಗ್ಗೆ ಆಕೆ ಏಳುವಾಗ ಕೃಷ್ಣಾನಂದರು ಕಂಪ್ಯೂಟರಿನ ಮುಂದೆ ಕೂತಾಗಿತ್ತು. ದೀಪ ಹೋಯಿತು, ನಾದಸ್ವರ ಹೋಯಿತು. ಮೊಬೈಲಿಗೆಂದೇ ಬೇರೆ ಪುಟ ಸಿದ್ಧವಾಯಿತು: ಒಂದು ಸೀರೆಗೆ ಒಂದೇ ಪುಟ್ಟ ಚಿತ್ರ, ಕೆಳಗೆ ಬೆಲೆ, ಅದರ ಕೆಳಗೆ ಫೋನ್ ನಂಬರು. ಬರವಣಿಗೆ ಮಾತ್ರ ಕಚೇರಿಯ ಸುತ್ತೋಲೆಯ ಹಾಗೆ 'ಮೇಲ್ಕಾಣಿಸಿದ ಸೀರೆಯ ಬಗ್ಗೆ ಆಸಕ್ತಿಯುಳ್ಳವರು' ಎಂದು ಶುರುವಾಗುತ್ತಿತ್ತು. ಕುಸುಮಾವತಿ ಅದನ್ನೆಲ್ಲ ಅಳಿಸಿ 'ಬೇಕಾದರೆ ಎಸ್ಸೆಮ್ಮೆಸ್ ಮಾಡಿ, ದುಡ್ಡು ಪೋಸ್ಟ್‌ಮ್ಯಾನ್ ಕೈಗೆ ಕೊಡಿ' ಎಂಬರ್ಥದ ಒಂದು ಸಾಲು ಮಲಯಾಳದಲ್ಲಿ ಹೇಳಿ ಬರೆಸಿದಳು. ಪ್ರತಿಸಲ ಬದಲಾಯಿಸಿದಾಗಲೂ ಸಂಜೆಯ ಬಸ್ಸು ಹತ್ತಿ, ಸೀಟು ಹಿಡಿದು, ತೆರೆದು ನೋಡಿದಳು. ಮುಂದಿನ ಸ್ಟಾಪ್ ಬರುವ ಮುಂಚೆ ಸೀರೆ ಕಂಡ ದಿನ ಸೈ ಎಂದಳು.

ಆಮೇಲೆ ತಾನು ಬಲ್ಲ ಗಿರಾಕಿಗಳಿಗೆಲ್ಲ ಪುಟದ ವಿಳಾಸವನ್ನು ಎಸ್ಸೆಮ್ಮೆಸ್ ಮಾಡಿ ಕಳಿಸಿದಳು. ಮುಂದಿನದನ್ನು ಅವರೇ ನೋಡಿಕೊಂಡರು. ಓಣಂಗೆ ಒಂದು ಕಚೇರಿಯಲ್ಲಿ ಒಬ್ಬಳು ಸೀರೆ ಆರಿಸಿದರೆ ಆಯಿತು, ಇಡೀ ಸೆಕ್ಷನ್ ಅದನ್ನೇ ಉಡಬೇಕು. ಅಪೂರ್ವಾಳ ಮೊಬೈಲು ಬಸ್ಸಿನಲ್ಲಿ ಸೀಟಿನಿಂದ ಸೀಟಿಗೆ ಸಾಗಿತು. ಶ್ರೀಕಾರ್ಯಂನ ಕಾಲೇಜಿನವರು ಕೇಳಿದರು, ಕೊಚ್ಚಿಯ ಆಸ್ಪತ್ರೆಯ ನರ್ಸುಗಳು ಕೇಳಿದರು.

"ಅಕ್ಕಾ, ಪಾರ್ಸೆಲ್ ಕಟ್ಟಿ ಕಟ್ಟಿ ನನ್ನ ಸೊಂಟ ಬಿದ್ದುಹೋಯ್ತು!" ಎಂದು ರಾಜೀವಿ ಫೋನಿನಲ್ಲಿ ಗೋಳಾಡಿದಳು. ಆ ಗೋಳು ಕೇಳಿ ಕುಸುಮಾವತಿ ಮನಸಾರೆ ನಕ್ಕಳು.

ಓಣಂ ಕಳೆದ ವಾರ ಗಂಡ ಹೆಂಡತಿ ಫೋರ್ಟ್ ಕೊಚ್ಚಿಗೆ ಹೋದರು. ಜಾಗ ಬಿಡುವ ಮಾತು ಅಷ್ಟರಲ್ಲಿ ಮುಗಿದಿತ್ತು. ಪಕ್ಕದ ಖಾಲಿ ಕೋಣೆಯನ್ನೂ ಪಾರ್ಸೆಲ್ಲಿಗೆಂದು ಆಕೆಯೇ ಇಸ್ಮಾಯಿಲ್ ಹತ್ತಿರ ಕೇಳಿ ಪಡೆದಿದ್ದಳು. ಆ ಕೋಣೆಯ ಬಾಗಿಲಲ್ಲಿ ಹೊಸ ಹಿತ್ತಾಳೆಯ ಕಾಲುದೀಪ ಹೊಳೆಯುತ್ತಿತ್ತು. ಇಸ್ಮಾಯಿಲ್, ರಾಜೀವಿ, ಅಕ್ಕಪಕ್ಕದ ಅಂಗಡಿಯವರು ಸುತ್ತ ನಿಂತರು. ಯಾರೂ ಹೇಳುವ ಮೊದಲೇ ಕೃಷ್ಣಾನಂದರು ಎಣ್ಣೆಯ ಗಿಂಡಿ ಎತ್ತಿಕೊಂಡು ಪಕ್ಕಕ್ಕೆ ಸರಿದರು.

ಕುಸುಮಾವತಿ ಗಿಂಡಿಯನ್ನು ಕಿತ್ತುಕೊಂಡು, ಉರಿಯುವ ಮೇಣದಬತ್ತಿಯನ್ನು ಅವರ ಕೈಗಿತ್ತಳು.

"ಹಚ್ಚಿ. ಜವಾಬ್ದಾರಿ ನನ್ನದು ಅಂತ ಹೇಳಿದ್ದೆನಲ್ಲ?"

ಅವರು ಮೊದಲ ಬತ್ತಿ ಹಚ್ಚಿದರು. ಆಮೇಲೆ, ಇಷ್ಟು ವರ್ಷ ಕಂಡ ರೂಢಿಯಂತೆ, ಮೇಣದಬತ್ತಿಯನ್ನು ಇಸ್ಮಾಯಿಲ್‌ನ ಕಡೆಗೆ ಚಾಚಿದರು. ಇಸ್ಮಾಯಿಲ್ ನಗುತ್ತ ಕೈಕಟ್ಟಿ ನಿಂತ. ರಾಜೀವಿಯ ಕಡೆಗೆ ಚಾಚಿದರು. ಅವಳೂ ಕೈ ನೀಡಲಿಲ್ಲ. ಕೃಷ್ಣಾನಂದರು ಒಮ್ಮೆ ಹೆಂಡತಿಯ ಮುಖ ನೋಡಿ, ಉಳಿದ ನಾಲ್ಕು ಬತ್ತಿಗಳನ್ನೂ ತಾವೇ ಹಚ್ಚಿದರು.