ಮಿಂಚಕ್ಕನ ಎರಡಕ್ಷರ

ನಮ್ಮ ಕಾರ್ಖಾನೆಯ ಪತ್ರ ವಿಭಾಗದ ಟೈಪಿಸ್ಟನ್ನು ಎಲ್ಲರೂ ಮಿಂಚಕ್ಕ ಎನ್ನುತ್ತಿದ್ದರು. ನನಗಿಂತ ಚಿಕ್ಕವಳು, ಆದರೂ ನನಗೂ ಅಕ್ಕನೇ. ಮ್ಯಾನೇಜರ್ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಪತ್ರ ಪ್ರಿಂಟರಿನಿಂದ ಹೊರಬಿದ್ದಿರುತ್ತಿತ್ತು. ರವಾನೆ ಗುಮಾಸ್ತನಾಗಿ ಅವಳ ಎದುರಿಗೇ ಕೂರುತ್ತಿದ್ದ ನನಗೊಬ್ಬನಿಗೆ ಅದರ ಗುಟ್ಟು ಗೊತ್ತಿತ್ತು. ಅವಳು ಎರಡಕ್ಷರ ಒತ್ತಿದರೆ ಕಂಪ್ಯೂಟರೇ ಇಡೀ ವಾಕ್ಯ ಬರೆಯುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅಂಥ ನಾನೂರು ಕಿರುಗುರುತುಗಳನ್ನು ಹಳೆಯ ಸಾಫ್ಟ್‌ವೇರಿಗೆ ಕಲಿಸಿಟ್ಟಿದ್ದಳು. ಮನೆಯಲ್ಲಿ ಅತ್ತಿಗೆಯ ಕೊಂಕು ಕೇಳಿಸಿಕೊಂಡು ಬರುತ್ತಿದ್ದವಳಿಗೆ ತಲೆ ಎತ್ತಿ ಕೂರಲು ಇದ್ದದ್ದು ಈ ಕುರ್ಚಿಯೊಂದೇ.

ಆ ವರ್ಷ ಮ್ಯಾನೇಜರ್, ಇನ್ನು ಲೈಸೆನ್ಸಿನ ಗೊಡವೆ ಬೇಡ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಮುಕ್ತ ತಂತ್ರಾಂಶ ಹಾಕಿಸೋಣವೇ ಎಂದರು. ಹಳೆಯದು, ಹೊಸದು ಎರಡನ್ನೂ ಒಂದು ವಾರ ನೋಡಿ ಮಿಂಚಕ್ಕ ಹೇಳಿದ್ದೇ ಕೊನೆ ಮಾತು ಎಂದೂ ಸೇರಿಸಿದರು. ಹೊಸದು ಕೆಟ್ಟದ್ದೇನಲ್ಲ, ನನ್ನ ಕೆಲಸಕ್ಕಂತೂ ಅದೇ ವಾಸಿ. ಅವಳ ಕಿರುಗುರುತುಗಳು ಮಾತ್ರ ಅದರಲ್ಲಿರಲಿಲ್ಲ. ಮ್ಯಾನೇಜರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು ಎಂದು ಗೋಗರೆದೆ.

"ಹೇಳಿದ್ರೆ, ಕೆಲ್ಸ ಮೆಷಿನ್‌ದು, ಹೆಸರು ಮಾತ್ರ ಇವಳ್ದು ಅಂತಾರೆ," ಎಂದಳು.

ಮ್ಯಾನೇಜರ್ ಕೇಳಿದಾಗ, ಯಾವುದಾದರೇನು, ಟೈಪ್ ಮಾಡುವುದು ನನ್ನ ಕೈ ತಾನೇ ಎಂದುಬಿಟ್ಟಳು. ಹಾಳು ಜಂಭ.

ಶನಿವಾರ ತಂತ್ರಜ್ಞ ಬಂದು ಹೊಸದನ್ನು ಹಾಕಿ ಹಳೆಯದನ್ನೆಲ್ಲ ಅಳಿಸಿಹೋದ. ಸೋಮವಾರದಿಂದ ಅವಳ ಬೆರಳುಗಳು ತಡವರಿಸತೊಡಗಿದವು, ಪತ್ರಗಳು ಗುಡ್ಡೆ ಬಿದ್ದವು. ಮೊದಲೇ ಹೇಳಿದ್ದರೆ ಆ ಪಟ್ಟಿಯನ್ನು ಹೊಸದಕ್ಕೆ ಸಾಗಿಸುವುದು ಹತ್ತು ನಿಮಿಷದ ಕೆಲಸವಾಗಿತ್ತು ಎಂದು ತಂತ್ರಜ್ಞ ನನಗೆ ಹೇಳಿದಾಗ ಅವಳ ಮೇಲೆ ಮೈಯೆಲ್ಲ ಉರಿಯಿತು.

ಅದೇ ವಾರ ಲೇಥ್ ವಿಭಾಗದ ಹಿರಿಯ ಕೆಲಸಗಾರರೊಬ್ಬರು ತೀರಿಕೊಂಡರು. ಸಂತಾಪ ಪತ್ರ ತರಾತುರಿಯಲ್ಲಿ ಹೋಯಿತು. ಮ್ಯಾನೇಜರ್ ಓದದೆ ಸಹಿ ಹಾಕಿದರು, ನಾನು ಓದದೆ ಲಕೋಟೆಗೆ ತುರುಕಿದೆ.

ಐದನೇ ದಿನ ಅವರ ಹೆಂಡತಿ ಆ ಪತ್ರ ಹಿಡಿದುಕೊಂಡು ಬಂದರು. "ತಮ್ಮ ಪತಿಯವರ ನಿಧನದ ಸುದ್ದಿ ತಿಳಿಯಿತು" ಎಂಬ ಸಾಲಿನ ಕೆಳಗೆ "ದುಭಾ" ಎಂದಷ್ಟೇ ಇತ್ತು. ಅದರ ಕೆಳಗೆ ಸಹಿ, ಮೊಹರು.

"ಇದೇನಮ್ಮ? ಯಾರ್ನ ಕೇಳಿದ್ರೂ ಗೊತ್ತಿಲ್ಲ ಅಂದ್ರು. ನಾನೇನಾದ್ರೂ ತಂದುಕೊಡ್ಬೇಕಿತ್ತಾ?"

ಮ್ಯಾನೇಜರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರೂ ಮಿಂಚಕ್ಕ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ತಪ್ಪು ತನ್ನದೇ, ಅಲ್ಲೊಂದು ಒಳ್ಳೆಯ ಮಾತು ಇರಬೇಕಿತ್ತು, ಈ ಎರಡಕ್ಷರ ಅದರ ಗುರುತು ಎಂದಳು.

"ಪರವಾಗಿಲ್ಲ ಬಿಡಿ," ಎಂದರು ಆಕೆ. "ಏನಂತ ಇತ್ತು? ಬಾಯಲ್ಲೇ ಹೇಳಿ, ಸಾಕು."

"ನಿಮ್ಮ ದುಃಖದಲ್ಲಿ..." ಎಂದು ಶುರು ಮಾಡಿದ ಮಿಂಚಕ್ಕ ಅಲ್ಲಿಗೇ ನಿಂತಳು. ಹದಿನಾಲ್ಕು ವರ್ಷ ಅದೆಷ್ಟೋ ಮನೆಗಳಿಗೆ ಕಳಿಸಿದ ವಾಕ್ಯ. ಮುಂದಿನದು ಅವಳಿಗೆ ನೆನಪಾಗಲೇ ಇಲ್ಲ. ಆಕೆ ಕಾಯುತ್ತ ನಿಂತೇ ಇದ್ದರು.